ಸುಟ್ಟ ಪೆಲೆಟ್ಟನ್ನು ಮತ್ತೆ ಯಾಕೆ ಸುಡುತ್ತಾರೆ?

ಕೈಗಾ ಅಂದರೆ ಗುಮ್ಮಟ, ಕಾಡು, ಕಾಳಿ ನದಿ, ಆಮೇಲೆ ಪರ-ವಿರೋಧದ ವಾದ. ಅಲ್ಲಿನ ಅಣುಸ್ಥಾವರದ 1ನೇ ಘಟಕ 2018ರ ಕೊನೆಗೆ, 962 ದಿನ ಒಂದೇ ಸಮನೆ ಓಡಿ ನಿಂತಾಗ ಅದು ಆಗಿನ ವಿಶ್ವ ದಾಖಲೆ. ಆದರೆ ಅಷ್ಟೂ ದಿನ ಒಳಗೆ ಬಿಸಿಯಾಗುತ್ತಿದ್ದದ್ದು ಏನು ಎಂದು ಕೇಳುವವರು ಕಡಿಮೆ. ಅದೊಂದು ಸೆರಾಮಿಕ್: ಬೆರಳ ತುದಿಯಷ್ಟು ದೊಡ್ಡದಾದ, ಕಪ್ಪು ಯುರೇನಿಯಂ ಡೈಆಕ್ಸೈಡ್ ಪೆಲೆಟ್, ಅಂದರೆ ಇಂಧನದ ಗುಳಿಗೆ. ನಮ್ಮ ಭಾರಜಲ ರಿಯಾಕ್ಟರುಗಳಿಗೆ ಹೈದರಾಬಾದಿನ ನ್ಯೂಕ್ಲಿಯರ್ ಫ್ಯೂಯೆಲ್ ಕಾಂಪ್ಲೆಕ್ಸ್ ಇದನ್ನು ಮಾಡುತ್ತದೆ.

ಲೋಹವನ್ನೇ ಯಾಕೆ ಹಾಕಬಾರದು? ಯುರೇನಿಯಂ ಲೋಹ 1132 ಡಿಗ್ರಿಗೇ ಕರಗುತ್ತದೆ, ಅದಕ್ಕೂ ಮೊದಲೇ ಉಬ್ಬಿ ಆಕಾರ ಕೆಡುತ್ತದೆ, ಬಿಸಿ ನೀರು ತಾಗಿದರಂತೂ ಬೇಗ ಹಾಳು. ಆಕ್ಸೈಡ್ 2800 ಡಿಗ್ರಿ ದಾಟುವವರೆಗೂ ಗಟ್ಟಿ. ಶಾಖ ಮಾತ್ರ ಅದರಲ್ಲಿ ನಿಧಾನವಾಗಿ ಹರಿಯುತ್ತದೆ, ಹಾಗಾಗಿ ನಡುಭಾಗ ಅಂಚಿಗಿಂತ ಬಹಳ ಜಾಸ್ತಿ ಕಾಯುತ್ತದೆ.

ಪುಡಿಯನ್ನು ಅಚ್ಚಿನಲ್ಲಿ ಒತ್ತಿದಾಗ ಹೆಚ್ಚುಕಡಿಮೆ ಅರ್ಧ ಜಾಗ ಖಾಲಿಯೇ ಇರುತ್ತದೆ. ಹೈಡ್ರೋಜನ್ ತುಂಬಿದ ಕುಲುಮೆಯಲ್ಲಿ 1700 ಡಿಗ್ರಿ ಹತ್ತಿರ ಸುಟ್ಟಾಗ ಪುಡಿಯ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಪೆಲೆಟ್ ಕುಗ್ಗುತ್ತದೆ. ಹೈಡ್ರೋಜನ್ ಬೇಕಾದದ್ದು ಹೆಚ್ಚುವರಿ ಆಮ್ಲಜನಕ ಉಳಿಯದಿರಲಿ ಅಂತ. ಉಳಿದರೆ ಶಾಖ ಹರಿಯುವುದು ಇನ್ನೂ ಕಷ್ಟ. ಆಮೇಲೆ ಅಂಚು ಅರೆಯುವುದು, ಬಿರುಕು ನೋಡುವುದು, ತೇವ ಪರೀಕ್ಷಿಸುವುದು.

ನನಗೆ ತುಂಬಾ ಇಷ್ಟವಾದ ಪರೀಕ್ಷೆ ಮಾತ್ರ ಬೇರೆ. ಸುಟ್ಟು ಮುಗಿದ ಪೆಲೆಟ್ಟನ್ನು ಮತ್ತೆ 1700 ಡಿಗ್ರಿಯಲ್ಲಿ 24 ಗಂಟೆ ಇಟ್ಟು, ಇನ್ನೂ ಎಷ್ಟು ಕುಗ್ಗಿತು ಎಂದು ಅಳೆಯುವುದು. ಇದರ ಹಿಂದೆ ಒಂದು ಕಹಿ ಪಾಠ ಇದೆ. 1972ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಗಿನಾ ಸ್ಥಾವರದ ಇಂಧನ ತೆಗೆದು ನೋಡಿದರೆ, ಪೆಲೆಟ್‌ಗಳನ್ನು ಸಾಲಾಗಿ ತುಂಬಿದ್ದ ಲೋಹದ ಕೊಳವೆಗಳು ಅಲ್ಲಲ್ಲಿ ಚಪ್ಪಟೆಯಾಗಿದ್ದವು! ಪೆಲೆಟ್‌ಗಳು ರಿಯಾಕ್ಟರಿನೊಳಗೇ ಕುಗ್ಗಿ, ಸಾಲಿನ ನಡುವೆ ಸಂದು ಬಿಟ್ಟು, ಹೊರಗಿನ ನೀರಿನ ಒತ್ತಡ ಖಾಲಿ ಕೊಳವೆಯನ್ನು ಒಳಕ್ಕೆ ಅದುಮಿತ್ತು. ನಮ್ಮ ಭಾರಜಲ ರಿಯಾಕ್ಟರುಗಳಲ್ಲಿ ಜಿರ್ಕಲಾಯ್ (ಜಿರ್ಕೋನಿಯಂ ಮಿಶ್ರಲೋಹ) ಕೊಳವೆ ಇನ್ನೂ ತೆಳು. ಅದು ಪೆಲೆಟ್ ಮೇಲೆ ಒರಗಿಕೊಂಡೇ ಒತ್ತಡ ತಡೆಯುತ್ತದೆ, ಅಂದ ಮೇಲೆ ಪೆಲೆಟ್ ಆಕಾರ ಬಿಡಬಾರದು ಅಲ್ವಾ?

ಹಾಗಾದರೆ ಒಂದೂ ರಂಧ್ರ ಇಲ್ಲದಂತೆ ಸುಟ್ಟುಬಿಟ್ಟರೆ ಆಯಿತಲ್ಲ ಅಂತ ಅನ್ನಿಸಬಹುದು. ಹಾಗೆ ಮಾಡುವುದಿಲ್ಲ. ಒಂದು ಪರಮಾಣು ಒಡೆದು ಎರಡಾಗುತ್ತದೆ, ಕ್ಸೆನಾನ್, ಕ್ರಿಪ್ಟಾನ್‌ನಂಥ ಅನಿಲ ಹುಟ್ಟುತ್ತದೆ, ಪೆಲೆಟ್ ನಿಧಾನವಾಗಿ ಉಬ್ಬುತ್ತದೆ. ಅದಕ್ಕೆ ಒಳಗೆ ಸ್ವಲ್ಪ ಜಾಗ ಬೇಕೇ ಬೇಕು. ಹಾಗಾಗಿ ಸುಮ್ನೆ ಸಾಂದ್ರತೆಯ ಅಂಕಿ ನೋಡಿ ಪಾಸು ಮಾಡಿದರೆ ಸಾಲದು ಎಂದೇ ನನ್ನ ಅಭಿಪ್ರಾಯ. ಒಂದೇ ಸಾಂದ್ರತೆಯ ಎರಡು ಪೆಲೆಟ್‌ಗಳಲ್ಲಿ ಒಂದು ಕುಗ್ಗಬಹುದು, ಇನ್ನೊಂದು ಹಾಗೇ ನಿಲ್ಲಬಹುದು. ತೀರಾ ಸಣ್ಣ ರಂಧ್ರಗಳು ರಿಯಾಕ್ಟರಿನಲ್ಲಿ ಬೇಗ ಮುಚ್ಚಿಹೋಗುತ್ತವೆ, ದೊಡ್ಡವು ಉಳಿಯುತ್ತವೆ. ಕೆಲವು ಕಡೆ ಈ ದೊಡ್ಡ ರಂಧ್ರಗಳಿಗಾಗಿಯೇ, ಕುಲುಮೆಯಲ್ಲಿ ಆವಿಯಾಗಿ ಹೋಗುವ ಇನ್ನೊಂದು ಪುಡಿಯನ್ನು ಮೊದಲೇ ಬೆರೆಸಿಡುತ್ತಾರೆ.