ಚೌಕಕ್ಕೊಂದು ಪ್ರತ್ಯೇಕ ಲೇಖನ ಬೇಕೆ?

ನಗರದ ನಡುವಿನ ಒಂದು ಚೌಕಕ್ಕೆ ವಿಶ್ವಕೋಶದಲ್ಲಿ ಪ್ರತ್ಯೇಕ ಲೇಖನ ಇರಬೇಕೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ವಾದ ಬೇಗನೆ ಎರಡು ಹೋಳಾಗುತ್ತದೆ. ಆ ನಗರದಲ್ಲಿ ಎಲ್ಲರಿಗೂ ಗೊತ್ತಿರುವ ಜಾಗ, ಆದ್ದರಿಂದ ಇರಲೇಬೇಕು ಎನ್ನುವವರು ಒಂದು ಕಡೆ. ರಸ್ತೆಗಳು ಕೂಡುವ ಜಾಗಕ್ಕೆಲ್ಲ ಲೇಖನ ಬರೆಯುತ್ತ ಹೋದರೆ ವಿಶ್ವಕೋಶಕ್ಕೂ ನಗರದ ನಕ್ಷೆಗೂ ವ್ಯತ್ಯಾಸ ಉಳಿಯುವುದಿಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಚೌಕವನ್ನು ನೋಡುತ್ತಾರೆಯೇ ಹೊರತು, ಚೌಕದ ಬಗ್ಗೆ ಈಗಾಗಲೇ ಯಾರು ಏನು ಬರೆದಿದ್ದಾರೆ ಎಂಬುದನ್ನು ನೋಡುವುದಿಲ್ಲ. ನನ್ನ ಮಟ್ಟಿಗೆ ತೀರ್ಮಾನವಾಗಬೇಕಾದದ್ದು ಅಲ್ಲಿಯೇ.

ವಿಕಿಪೀಡಿಯದಲ್ಲಿ ಗಮನಾರ್ಹತೆ ಎಂದು ಕರೆಯುವ ಅಳತೆಗೋಲು ಕೇಳುವುದೂ ಇದನ್ನೇ: ವಿಷಯದೊಂದಿಗೆ ಹಿತಾಸಕ್ತಿಯ ಸಂಬಂಧವಿಲ್ಲದ, ನಂಬಲರ್ಹವಾದ ಆಕರಗಳು ಆ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿರಬೇಕು. ಜನವಸತಿಯಿದ್ದು ಕಾನೂನಿನ ಮನ್ನಣೆಯೂ ಇರುವ ಊರಿಗೆ ಬಹುಮಟ್ಟಿಗೆ ತಕರಾರಿಲ್ಲದೆ ಲೇಖನ ದೊರೆಯುತ್ತದೆ. ರಾಷ್ಟ್ರೀಯ ಪರಂಪರೆಯ ಪಟ್ಟಿಯಲ್ಲಿರುವ ಕಟ್ಟಡಕ್ಕೂ ಹಾಗೆಯೇ. ಅಂತಹ ಪಟ್ಟಿಯ ಆಸರೆಯಿಲ್ಲದ ಚೌಕ ಮಾತ್ರ, ಬೀದಿಗಳ ಹಾಗೆ, ತನ್ನ ಅರ್ಹತೆಯನ್ನು ಆಕರಗಳ ಮೂಲಕವೇ ಸ್ಥಾಪಿಸಿಕೊಳ್ಳಬೇಕು. ಇದು ಕಠಿಣವೆಂದು ಕೆಲವರು ದೂರುವುದುಂಟು, ನನಗೆ ಹಾಗೆನಿಸುವುದಿಲ್ಲ. ಚೌಕದಿಂದ ಮೆರವಣಿಗೆ ಹೊರಟಿತು, ಚೌಕದ ಬಳಿ ವಾಹನ ಸಂಚಾರ ಬದಲಾಯಿತು, ಚೌಕದ ಎದುರಿನ ಕಟ್ಟಡಕ್ಕೆ ಬೆಂಕಿ ಬಿತ್ತು ಎಂಬಂತಹ ಸುದ್ದಿಗಳನ್ನು ನೂರಾರು ಹೆಕ್ಕಿ ತರಬಹುದು. ಅವುಗಳಲ್ಲಿ ಚೌಕ ಬರೀ ವಿಳಾಸ. ನೂರು ವಿಳಾಸಗಳನ್ನು ಕೂಡಿಸಿದರೂ ಆ ಜಾಗವನ್ನು ಯಾರು ರೂಪಿಸಿದರು, ಯಾವಾಗ, ಏಕೆ ಎಂಬ ಒಂದೇ ಒಂದು ವಾಕ್ಯವೂ ಹುಟ್ಟುವುದಿಲ್ಲ.

ಕಟ್ಟಡದ ಬಗ್ಗೆ ಬರೆಯುವಾಗ ಇರದ ಒಂದು ತೊಡಕು ಚೌಕದ ಬಗ್ಗೆ ಬರೆಯುವಾಗ ಎದುರಾಗುತ್ತದೆ. ಚೌಕವೆಂದರೆ ಮೂಲತಃ ಬಯಲು. ಅದಕ್ಕೆ ಆಕಾರ ಕೊಡುವುದು ಸುತ್ತಲಿನ ಗೋಡೆಗಳು. ಆದ್ದರಿಂದಲೇ ದುರ್ಬಲವಾದ ಲೇಖನಗಳೆಲ್ಲ ಒಂದೇ ಬಗೆಯಲ್ಲಿ ಸೋಲುತ್ತವೆ: ಉತ್ತರಕ್ಕೆ ನ್ಯಾಯಾಲಯವಿದೆ, ಪೂರ್ವಕ್ಕೆ ಬ್ಯಾಂಕಿದೆ, ದಕ್ಷಿಣಕ್ಕೆ ರಂಗಮಂದಿರವಿದೆ ಎಂದು ಹೇಳಿ ಮುಗಿಸುತ್ತವೆ. ನ್ಯಾಯಾಲಯದ ಕಟ್ಟಡ ಎಷ್ಟೇ ಪ್ರಸಿದ್ಧವಾಗಿದ್ದರೂ ಅದರ ಕೀರ್ತಿ ಎದುರಿನ ಬಯಲಿಗೆ ತಾನಾಗಿ ವರ್ಗಾವಣೆಯಾಗುವುದಿಲ್ಲ. ಹಾಗೆಂದು ಸುತ್ತಲಿನ ಕಟ್ಟಡಗಳ ಮಾತೇ ಬರಬಾರದು ಎಂದಲ್ಲ. ಅವು ಚೌಕವನ್ನು ಹೇಗೆ ರೂಪಿಸಿದವು ಎಂದು ಯಾರಾದರೂ ವಿವೇಚಿಸಿದ್ದರೆ ಆ ವಿವೇಚನೆಗೆ ಲೇಖನದಲ್ಲಿ ಧಾರಾಳವಾಗಿ ಜಾಗವಿದೆ.

ಪ್ಯಾರಿಸ್ಸಿನ ಪ್ಲಾಸ್ ದ ಲಾ ಕಾಂಕಾರ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. ವಾಸ್ತುಶಿಲ್ಪಿ ಗೇಬ್ರಿಯಲ್ ಅದನ್ನು ಹದಿನೈದನೆಯ ಲೂಯಿಯ ಪ್ರತಿಮೆಗೆಂದೇ ವಿನ್ಯಾಸಗೊಳಿಸಿದ. 1763ರಲ್ಲಿ ಅಲ್ಲಿ ದೊರೆಯ ಅಶ್ವಾರೂಢ ಪ್ರತಿಮೆ ನಿಂತಿತು, ಚೌಕಕ್ಕೂ ಅವನದೇ ಹೆಸರಾಯಿತು. 1792ರಲ್ಲಿ ಪ್ರತಿಮೆಯನ್ನು ಕೆಡವಿದ ಮೇಲೆ ಅದು ಕ್ರಾಂತಿಯ ಚೌಕವಾಯಿತು. 1793ರ ಜನವರಿ 21ರಂದು ಹದಿನಾರನೆಯ ಲೂಯಿಯ ಶಿರಚ್ಛೇದ ನಡೆದದ್ದು ಅಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ರಾಣಿ ಮರೀ ಆಂಟ್ವಾನೆಟ್ ಸತ್ತದ್ದೂ ಅಲ್ಲಿಯೇ. 1795ರಲ್ಲಿ, ರಕ್ತದ ನೆನಪನ್ನು ತೊಳೆಯುವ ಉದ್ದೇಶದಿಂದಲೋ ಏನೋ, ಸಾಮರಸ್ಯ ಎಂಬ ಅರ್ಥದ ಹೆಸರು ಬಂತು. ಕೊನೆಗೆ 1836ರಲ್ಲಿ ಈಜಿಪ್ಟಿನ ಲಕ್ಸರ್ ದೇಗುಲದಿಂದ ತಂದ ಏಕಶಿಲಾ ಸ್ತಂಭವನ್ನು ನಡುವೆ ನಿಲ್ಲಿಸಿದರು. ಫ್ರಾನ್ಸಿನ ಯಾವ ಪಕ್ಷಕ್ಕೂ ಅದು ಸೇರಿದ್ದಲ್ಲ. ಇಲ್ಲಿ ವಿನ್ಯಾಸ, ಹೆಸರಿನ ಬದಲಾವಣೆಗಳು, ನಡುವಿನ ಜಾಗದಲ್ಲಿ ಏನಿರಬೇಕೆಂಬ ಹೋರಾಟ ಎಲ್ಲವೂ ಚೌಕದ ಸ್ವಂತ ಆಸ್ತಿ. ಪಕ್ಕದ ಕಟ್ಟಡಗಳಿಂದ ಏನನ್ನೂ ಕಡ ತರದೆ ಹತ್ತು ಪುಟ ಬರೆಯಬಹುದು.

ಮರ‍್ರಾಕೆಶ್ ನಗರದ ಜಮಾ ಎಲ್ ಫ್ನಾ ಇನ್ನೂ ಸ್ವಾರಸ್ಯಕರ. ಕಥೆ ಹೇಳುವವರು, ವಾದ್ಯಗಾರರು, ಹಾವಾಡಿಗರು ಸೇರುವ ಆ ಬಯಲಿನ ಸಾಂಸ್ಕೃತಿಕ ಪರಿಸರವನ್ನು ಯುನೆಸ್ಕೋ 2001ರಲ್ಲಿ ಮಾನವಕುಲದ ಮೌಖಿಕ ಹಾಗೂ ಅಮೂರ್ತ ಪರಂಪರೆಯ ಮೇರುಕೃತಿಗಳ ಸಾಲಿಗೆ ಸೇರಿಸಿತು. ಅಂಥದೊಂದು ಪಟ್ಟಿ ಹುಟ್ಟಿಕೊಳ್ಳಲು ಈ ಚೌಕವನ್ನು ಉಳಿಸಿಕೊಳ್ಳುವ ಚರ್ಚೆಯೂ ಒಂದು ಕಾರಣವಾಗಿತ್ತು. ಕಲ್ಲುಗಾರೆಯ ವೈಭವವೇ ಚೌಕದ ಯೋಗ್ಯತೆ ಎಂದು ನಂಬಿದವರು ಈ ಒಂದು ಲೇಖನವನ್ನಾದರೂ ಓದಬೇಕು.

ಘಟನೆಯ ಪ್ರಶ್ನೆ ಬೇರೆ. ಒಂದು ಚೌಕದಲ್ಲಿ ಒಂದೇ ಒಂದು ದೊಡ್ಡ ಘಟನೆ ನಡೆದಿದ್ದು, ಆಕರಗಳೆಲ್ಲ ಆ ಘಟನೆಯ ಬಗ್ಗೆಯೇ ಇದ್ದರೆ, ಲೇಖನ ಬೇಕಾದದ್ದು ಘಟನೆಗೆ. ತಿಯಾನನ್‌ಮೆನ್ ಚೌಕಕ್ಕೂ 1989ರ ಪ್ರತಿಭಟನೆಗಳಿಗೂ ವಿಕಿಪೀಡಿಯದಲ್ಲಿ ಬೇರೆ ಬೇರೆ ಲೇಖನಗಳಿರುವುದು ಸರಿಯಾದ ಕ್ರಮ. ಏಕೆಂದರೆ ಆ ಚೌಕಕ್ಕೆ 1919ರ ಮೇ ನಾಲ್ಕರ ಚಳವಳಿ, 1949ರ ಗಣರಾಜ್ಯ ಘೋಷಣೆ, 1950ರ ದಶಕದ ವಿಸ್ತರಣೆ ಎಂಬ ತನ್ನದೇ ದೀರ್ಘ ಚರಿತ್ರೆಯಿದೆ. ಕೈರೋದ ತಹ್ರೀರ್ ಚೌಕದ ವಿಷಯವೂ ಇದೇ; 2011ರ ಪ್ರತಿಭಟನೆಗಳಿಗೆ ಎಷ್ಟೋ ಮೊದಲು, ಈಜಿಪ್ಟಿನ ಆಡಳಿತಗಾರ ಖದೀವ್ ಇಸ್ಮಾಯಿಲ್‌ನ ಹೆಸರಿನಲ್ಲಿದ್ದಾಗಿನಿಂದಲೇ ಅದರ ಕಥೆ ಆರಂಭವಾಗುತ್ತದೆ.

ಬಹ್ರೇನಿನ ಮುತ್ತಿನ ವೃತ್ತದ ಸಂಗತಿ ಮಾತ್ರ ನನ್ನನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸುತ್ತದೆ. 1982ರಲ್ಲಿ ಕೊಲ್ಲಿ ರಾಷ್ಟ್ರಗಳ ಸಹಕಾರ ಮಂಡಳಿಯ ಶೃಂಗಸಭೆಯ ಸಂದರ್ಭದಲ್ಲಿ ಎದ್ದ ಸ್ಮಾರಕ ಅಲ್ಲಿತ್ತು. 2011ರ ಫೆಬ್ರವರಿಯಲ್ಲಿ ಪ್ರತಿಭಟನಕಾರರು ಅಲ್ಲಿ ನೆಲೆಯೂರಿದರು. ಮಾರ್ಚ್ 18ರಂದು ಸರ್ಕಾರ ಸ್ಮಾರಕವನ್ನೇ ಕೆಡವಿತು, ವೃತ್ತವೂ ಹೋಗಿ ಅದು ರಸ್ತೆಗಳು ಕೂಡುವ ಸಾಮಾನ್ಯ ಜಾಗವಾಯಿತು. ಘಟನೆಗೆ ಲೇಖನ ಸಾಕು, ಜಾಗಕ್ಕೆ ಬೇಡ ಎಂಬ ನನ್ನ ವಾದವನ್ನು ಇಲ್ಲಿಗೆ ಅನ್ವಯಿಸಿದರೆ ತಪ್ಪಾದೀತು, ಏಕೆಂದರೆ ಇಲ್ಲಿ ಜಾಗದ ನಾಶವೇ ಬರಹಗಳ ವಸ್ತು. ಚೌಕ ನೆಲದ ಮೇಲೆ ಇಲ್ಲವೆಂಬುದು ಲೇಖನ ತೆಗೆಯಲು ಕಾರಣವಾಗದು. ಒಮ್ಮೆ ಪಡೆದ ಗಮನಾರ್ಹತೆ ಸವೆಯುವುದಿಲ್ಲ.

ಉಳಿದ ಬಹುಪಾಲು ಚೌಕಗಳು ಇಂತಹವಲ್ಲ. ಅವುಗಳ ಬಗ್ಗೆ ಖಚಿತವಾಗಿ ಹೇಳಬಹುದಾದದ್ದು ನಾಲ್ಕೈದು ವಾಕ್ಯ. ಅದಕ್ಕೆ ಬಡಾವಣೆಯ ಲೇಖನದಲ್ಲಿ ಒಂದು ವಿಭಾಗ ಸಾಕು, ಚೌಕದ ಹೆಸರನ್ನು ಹುಡುಕಿದವರು ನೇರವಾಗಿ ಆ ವಿಭಾಗಕ್ಕೆ ಹೋಗುವಂತೆ ಪುನರ್ನಿರ್ದೇಶನ ಕೊಟ್ಟರಾಯಿತು. ಅಳಿಸುವುದೋ ಉಳಿಸುವುದೋ ಎಂದು ಜಗಳವಾಡುವವರು ಹೀಗೆ ಬೇರೆ ಲೇಖನದೊಳಗೆ ಸೇರಿಸುವ ವಿಲೀನವನ್ನು ಸೋಲೆಂದು ಬಗೆಯುವುದು ನನಗೆ ಅರ್ಥವಾಗುವುದಿಲ್ಲ. ಓದುವವನಿಗೆ ಮೂರು ಸಾಲಿನ ಒಂಟಿ ಪುಟಕ್ಕಿಂತ, ಸುತ್ತಲಿನ ಬೀದಿಗಳ ಇತಿಹಾಸದೊಂದಿಗೆ ಹೆಣೆದುಕೊಂಡ ಒಂದು ಪ್ಯಾರಾ ಹೆಚ್ಚು ಉಪಯುಕ್ತ.

ಈ ಅಳತೆಗೋಲಿನಲ್ಲಿ ಒಂದು ನಿಜವಾದ ಅನ್ಯಾಯವಿದೆ, ಅದನ್ನು ಮುಚ್ಚಿಡಬಾರದು. ಹಳೆಯ ಪತ್ರಿಕೆಗಳೆಲ್ಲ ಡಿಜಿಟಲ್ ಆಗಿ ಹುಡುಕಲು ಸಿಗುವ ನಗರದ ಸಾಧಾರಣ ಚೌಕಕ್ಕೂ ಆಕರ ಸುಲಭವಾಗಿ ದೊರೆಯುತ್ತದೆ. ದಾಖಲೆಗಳು ಕಚೇರಿಯ ಕಪಾಟಿನಲ್ಲಿಯೇ ಉಳಿದ ನಗರದ ಶತಮಾನಗಳಷ್ಟು ಹಳೆಯ ಚೌಕಕ್ಕೆ ಸಿಗುವುದಿಲ್ಲ. ನಿಯಮ ಕೇಳುವುದು ಆಕರ ಎಲ್ಲಿಯಾದರೂ ಇದೆಯೇ ಎಂದು, ಅಂತರ್ಜಾಲದಲ್ಲಿ ಇದೆಯೇ ಎಂದಲ್ಲ, ಲೇಖನದಲ್ಲಿ ಈಗಾಗಲೇ ನಮೂದಾಗಿದೆಯೇ ಎಂದೂ ಅಲ್ಲ. ಆದರೆ ಅವಸರದ ಚರ್ಚೆಯಲ್ಲಿ ಈ ವ್ಯತ್ಯಾಸ ಮರೆತೇಹೋಗುತ್ತದೆ. ಆದ್ದರಿಂದ ಅಳಿಸಬೇಕೆಂದು ಮತ ಹಾಕುವ ಮೊದಲು ಆ ನಗರದ ಭಾಷೆಯಲ್ಲಿ ಹುಡುಕಬೇಕು, ಚೌಕದ ಹಳೆಯ ಹೆಸರುಗಳಲ್ಲಿಯೂ ಹುಡುಕಬೇಕು, ಗ್ಯಾಸೆಟಿಯರ್‌ಗಳನ್ನು, ನಗರ ಯೋಜನೆಯ ವರದಿಗಳನ್ನು ತಿರುವಿ ನೋಡಬೇಕು. ಅಷ್ಟಾದರೂ ಏನೂ ಸಿಗದಿದ್ದರೆ ನಾನು ವಿಲೀನದ ಪರ ನಿಲ್ಲುತ್ತೇನೆ, ಅಳಿಸುವುದರ ಪರವಲ್ಲ. ವಿಲೀನವಾದ ಪುಟದ ಇತಿಹಾಸ ಹಾಗೆಯೇ ಉಳಿದಿರುತ್ತದೆ. ನಾಳೆ ಯಾರಾದರೂ ಸಂಶೋಧಕರು ಆ ಚೌಕದ ಬಗ್ಗೆಯೇ ಒಂದು ಗಟ್ಟಿ ಅಧ್ಯಯನ ಪ್ರಕಟಿಸಿದರೆ, ಪುನರ್ನಿರ್ದೇಶನವನ್ನು ತೆಗೆದು ಲೇಖನವನ್ನು ಬೆಳೆಸಲು ಯಾರ ಅಪ್ಪಣೆಯೂ ಬೇಕಿಲ್ಲ.