ನನ್ನ ಮೊದಲ ಚಾಟರಬಿಲ್ಲು: ಏಳು ವಾರದ ಲೆಕ್ಕ

ವಾರ 1

ಕವೆಗೋಲು ಸಿಕ್ಕಿದ್ದು ನಮ್ಮ ಹಿತ್ತಲ ಪೇರಲೆ ಮರದಲ್ಲೇ. ಕೊಂಬೆ ಸವರುವಾಗ ಹೆಬ್ಬೆರಳಿಗಿಂತ ತುಸು ದಪ್ಪದ, ಎರಡೂ ಕವಲು ಸಮವಾಗಿ ಒಡೆದ ತುಂಡೊಂದನ್ನು ಅಪ್ಪ ಎತ್ತಿಟ್ಟಿದ್ದರು. ಪೇರಲೆಯ ನಾರು ಬಿಗಿ, ಸುಲಭಕ್ಕೆ ಸೀಳುವುದಿಲ್ಲ. ನೆರಳಲ್ಲಿ ಒಣಗಿಸಿ, ತೊಗಟೆ ಕೆತ್ತಿ, ಮರಳುಕಾಗದದಲ್ಲಿ ಉಜ್ಜಿದೆ.

ಇದಕ್ಕೂ ಮೊದಲು ಪೇಟೆಯ ಅಂಗಡಿಯೊಂದರಲ್ಲಿ ಕಬ್ಬಿಣದ ಚಾಟರಬಿಲ್ಲು ನೋಡಿ ಬಂದಿದ್ದೆ. ಮಣಿಕಟ್ಟಿಗೆ ಆಸರೆ ಕೊಡುವ ಕಂಬಿ, ದಪ್ಪ ಹಳದಿ ರಬ್ಬರ್ ನಳಿಕೆ, ನೋಡಲು ಗಟ್ಟಿಮುಟ್ಟು. ಎಳೆದರೆ ಅರ್ಧಕ್ಕೇ ಕೈ ನಡುಗಿತು. ನಡುಗುವ ಕೈಯಲ್ಲಿ ಗುರಿ ಕಲಿಯುವುದು ಹೇಗೆ? ಮೊದಲ ಬಿಲ್ಲು ಆರಿಸುವವರಿಗೆ ನನ್ನ ಒಂದೇ ಪರೀಕ್ಷೆ ಇದು: ಖಾಲಿ ಬಿಲ್ಲನ್ನು ಪೂರ್ತಿ ಎಳೆದು, ಹತ್ತು ಎಣಿಸುವ ತನಕ ನಡುಗದೆ ಹಿಡಿದು, ಮೆಲ್ಲಗೆ ವಾಪಸು ಬಿಡಲು ಬರಬೇಕು. ಆಗದಿದ್ದರೆ ರಬ್ಬರ್ ನಿಮಗೆ ಬಿಗಿಯಾಯಿತು ಎಂದೇ ಅರ್ಥ.

ವಾರ 2

ಅಪ್ಪನ ಕಾಲದಲ್ಲಿ ಸೈಕಲ್ ಟ್ಯೂಬು ಕತ್ತರಿಸಿ ಕಟ್ಟುತ್ತಿದ್ದರಂತೆ. ನಾನೂ ಹಾಗೇ ಮಾಡಿದೆ. ಗುಂಡು ಹೋಯಿತು, ಆದರೆ ಸೋಮಾರಿಯಾಗಿ. ಈಗಿನ ಹೆಚ್ಚಿನ ಸೈಕಲ್ ಟ್ಯೂಬು ಬ್ಯುಟೈಲ್ ರಬ್ಬರಿನದು. ಅದು ಗಾಳಿಯನ್ನು ಚೆನ್ನಾಗಿ ಹಿಡಿದಿಡುತ್ತದೆ, ಎಳೆದು ಬಿಟ್ಟರೆ ಮಾತ್ರ ನಿಧಾನಕ್ಕೆ ಮರಳುತ್ತದೆ. ಚಾಟರಬಿಲ್ಲಿಗೆ ಬೇಕಾದದ್ದು ಸಹಜ ರಬ್ಬರಿನ ಲ್ಯಾಟೆಕ್ಸ್ ಪಟ್ಟಿ.

0.5 ಮಿ.ಮೀ. ದಪ್ಪದ ಹಾಳೆ ತರಿಸಿ, ಕವಲಿನ ಕಡೆ 18 ಮಿ.ಮೀ., ಗುಂಡು ಕೂರಿಸಿ ಹಿಡಿಯುವ ಚರ್ಮದ ತುಂಡಿನ ಕಡೆ 12 ಮಿ.ಮೀ. ಅಗಲಕ್ಕೆ ಓರೆಯಾಗಿ ಕತ್ತರಿಸಿದೆ. ಗುಂಡಿನ ಕಡೆ ಕಿರಿದಾದಷ್ಟೂ ಅಲ್ಲಿ ರಬ್ಬರಿನ ಭಾರ ಕಡಿಮೆ, ಮರಳುವ ವೇಗ ಹೆಚ್ಚು. ಉದ್ದದ ಲೆಕ್ಕ ಸುಲಭ. ಕವಲಿನಿಂದ ಕೆನ್ನೆಯ ತನಕ ನನ್ನ ಎಳೆತ 80 ಸೆಂ.ಮೀ. ಒಳ್ಳೆಯ ಲ್ಯಾಟೆಕ್ಸ್ ತನ್ನ ಉದ್ದದ ಐದು ಪಟ್ಟು ಎಳೆತ ತಡೆಯುತ್ತದೆ, ಆ ಲೆಕ್ಕಕ್ಕೆ 16 ಸೆಂ.ಮೀ. ಸಾಕು. ಕಲಿಯುವ ಕೈಗೆ ಮೆದುವಾಗಿರಲಿ ಎಂದು ನಾಲ್ಕೇ ಪಟ್ಟು ಹಿಡಿದು 20 ಸೆಂ.ಮೀ. ಇಟ್ಟೆ. ಗಂಟು ಹಾಕಲು ಎರಡೂ ತುದಿಯಲ್ಲಿ ಇನ್ನಷ್ಟು ಬಿಟ್ಟು ಕತ್ತರಿಸಬೇಕು, ಮರೆಯಬೇಡಿ.

ಗುರಿಗೆ ದೊಡ್ಡ ರಟ್ಟಿನ ಪೆಟ್ಟಿಗೆ. ಒಳಗೆ ಅಪ್ಪನ ಹಳೆಯ ಪಂಚೆಯನ್ನು ಎರಡು ಮಡಿಕೆ ಇಳಿಬಿಟ್ಟು, ಹಿಂದೆ ಗೋಣಿಚೀಲ. ಬಟ್ಟೆ ಸಡಿಲವಾಗಿ ತೂಗುತ್ತಿದ್ದರೆ ಗುಂಡಿನ ವೇಗ ಅಲ್ಲೇ ಸತ್ತು, ಗುಂಡು ಪೆಟ್ಟಿಗೆಯ ತಳಕ್ಕೆ ಉದುರುತ್ತದೆ. ಅದರ ಮುಂದೆ ದಾರದಲ್ಲಿ ತೂಗುವ ಡಬ್ಬಿಯ ಮುಚ್ಚಳ.

ವಾರ 3

ಕೆಟ್ಟ ವಾರ. ಬುಧವಾರ ಸಂಜೆ ಬಿಟ್ಟ ಗುಂಡು ಕವಲಿಗೇ ಬಡಿದು ತಿರುಗಿ ಬಂದು ಕನ್ನಡಕದ ಅಂಚಿಗೆ ತಾಗಿತು. ಕಣ್ಣು ಉಳಿದದ್ದು ಆ ಪ್ಲಾಸ್ಟಿಕ್ ಕನ್ನಡಕದಿಂದ. ಅದಿಲ್ಲದೆ ಒಂದೇ ಒಂದು ಹೊಡೆತವನ್ನೂ ಯಾರೂ ಹೊಡೆಯಬಾರದು, ಪಕ್ಕದಲ್ಲಿ ನಿಂತು ನೋಡುವ ಮಕ್ಕಳೂ ಸೇರಿ. ಕಾರಣ ಹುಡುಕಿದೆ. ಚರ್ಮವನ್ನು ನಡುವಿನಲ್ಲಿ ಹಿಡಿಯದೆ ಒಂದು ಬದಿಗೆ ಹಿಡಿದಿದ್ದೆ, ಎರಡು ಪಟ್ಟಿಯ ಎಳೆತ ಬೇರೆಬೇರೆಯಾಗಿತ್ತು. ಈಗ ಚರ್ಮದ ಸರಿ ನಡುವಿಗೆ ಪೆನ್ನಿನಲ್ಲಿ ಚುಕ್ಕೆ ಇಟ್ಟಿದ್ದೇನೆ. ಗುಂಡು ಅದರ ಮೇಲೇ ಕೂರಬೇಕು.

ಅಪ್ಪ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. "ಪ್ರತಿ ಸಲ ಕೈ ಬೇರೆ ಕಡೆ ಬಂದು ನಿಲ್ತದಲ್ಲ ಮಾರಾಯ, ಒಂದು ಜಾಗ ಗೊತ್ತು ಮಾಡ್ಕೋ" ಅಂದರು. ಅಂದಿನಿಂದ ಹೆಬ್ಬೆರಳ ಗೆಣ್ಣು ಬಾಯಿಯ ಮೂಲೆಗೆ ತಾಗಿದ ಮೇಲೇ ಬಿಡುವುದು.

ವಾರ 4 ಮತ್ತು 5

ಗುಂಡಿನ ವಿಚಾರ. ಹೊಳೆಯ ದಂಡೆಯ ಬೆಣಚುಕಲ್ಲು ಬಿಟ್ಟೆ. ಒಂದೊಂದರ ತೂಕ ಆಕಾರ ಬೇರೆ, ತಪ್ಪಿದ್ದು ನನ್ನ ಕೈಯೋ ಕಲ್ಲೋ ತಿಳಿಯುವುದಿಲ್ಲ. 8 ಮಿ.ಮೀ. ಉಕ್ಕಿನ ಗುಂಡು ಸುಮಾರು 2.1 ಗ್ರಾಂ, ಎಲ್ಲವೂ ಒಂದೇ ಸಮ. ಆದರೆ ಗಟ್ಟಿ ಜಾಗಕ್ಕೆ ಬಿದ್ದರೆ ಪುಟಿಯುತ್ತದೆ, ಹಾಗಾಗಿ ಪೆಟ್ಟಿಗೆಯ ಮುಂದೆ ಮಾತ್ರ. ತೋಟದಲ್ಲಿ ದೂರ ಹೊಡೆಯಲು ಜೇಡಿಮಣ್ಣಿನ ಗುಂಡು ಉರುಟಿ ಒಣಗಿಸಿದೆ, ತಾಗಿದ ಕಡೆ ಪುಡಿಯಾಗುತ್ತದೆ.

ಈ ಎರಡು ವಾರ 6 ಮೀಟರ್ ದೂರದಿಂದ ದಿನಕ್ಕೆ 30 ಹೊಡೆತ, ಅದಕ್ಕಿಂತ ಹೆಚ್ಚಿಲ್ಲ. ಮುಚ್ಚಳಕ್ಕೆ ಮೊದಲ ದಿನ 4, ಕೊನೆಯ ದಿನ 17.

ವಾರ 6

10 ಮೀಟರಿಗೆ ಸರಿದೆ. ಎಲ್ಲ ಗುಂಡೂ ಮುಚ್ಚಳದ ಕೆಳಗೆ! ಎಷ್ಟು ವೇಗ ಎಂದು ಅಳೆಯುವ ಆಸೆಯಾಯಿತು. ಫೋನನ್ನು ಪಕ್ಕದಲ್ಲಿಟ್ಟು ಸದ್ದು ದಾಖಲಿಸಿದೆ. ರಬ್ಬರ್ ಚಟ್ ಎಂದದ್ದಕ್ಕೂ ಮುಚ್ಚಳ ಟಣ್ ಎಂದದ್ದಕ್ಕೂ ನಡುವೆ 0.26 ಸೆಕೆಂಡ್. ಟಣ್ ಎಂಬ ಸದ್ದು ನನ್ನ ತನಕ ಬರಲು 0.03 ಸೆಕೆಂಡ್ ಕಳೆದರೆ ಗುಂಡಿನ ಹಾರಾಟ 0.23. ಅಂದರೆ ಸೆಕೆಂಡಿಗೆ 43 ಮೀಟರ್, ಗಂಟೆಗೆ 155 ಕಿ.ಮೀ. ಆಸುಪಾಸು, ಒಳ್ಳೆಯ ವೇಗದ ಬೌಲರನ ಚೆಂಡಿನಷ್ಟು. ಅಷ್ಟು ಹೊತ್ತಿನಲ್ಲಿ ಭೂಮಿ ಅದನ್ನು 26 ಸೆಂ.ಮೀ. ಕೆಳಗೆ ಎಳೆದಿರುತ್ತದೆ. ಆರು ಮೀಟರಿನಲ್ಲಿ ಈ ಇಳಿತ 10 ಸೆಂ.ಮೀ. ಕೂಡ ಇಲ್ಲ. ಹೊಡೆತ ಕೆಳಗೆ ಬೀಳುತ್ತಿದ್ದದ್ದಕ್ಕೆ ಉತ್ತರ ಸಿಕ್ಕಿದ ಆ ಸಂಜೆ ಊಟ ಮಾಡುವಾಗಲೂ ಅದೇ ಮಾತು.

ಪಕ್ಕದ ಮನೆಯ ಹುಡುಗ "ಅಣ್ಣ, ಕಾಜಾಣ ಹೊಡೆದು ತೋರ್ಸಿ" ಎಂದು ಕೇಳಿದ. ಕೂರಿಸಿಕೊಂಡು ಹೇಳಿದೆ: ಹಕ್ಕಿಗೆ, ಅಳಿಲಿಗೆ, ಮಂಗನಿಗೆ ಈ ಬಿಲ್ಲು ಎತ್ತುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅದು ಇಲ್ಲದಿದ್ದರೂ ನಾನು ಎತ್ತುತ್ತಿರಲಿಲ್ಲ. ಅವನ ಕೈಗೆ ಕನ್ನಡಕ ಕೊಟ್ಟು ಡಬ್ಬಿ ತೋರಿಸಿದೆ. ಮೂರನೆಯ ಹೊಡೆತಕ್ಕೇ ಟಣ್ ಅನ್ನಿಸಿದ.

ವಾರ 7

10 ಮೀಟರಿನಲ್ಲಿ 30ಕ್ಕೆ 13. ಶನಿವಾರ ಚರ್ಮದ ಗಂಟಿನ ಬುಡದಲ್ಲಿ ಎಡಪಟ್ಟಿಗೆ ಸಣ್ಣ ಸೀಳು ಕಂಡಿತು. ಪುಸ್ತಕದಲ್ಲಿ ಬರೆದಿಟ್ಟ ಲೆಕ್ಕದಂತೆ 840 ಹೊಡೆತ ತಾಳಿದೆ. ಬಿಸಿಲು ಲ್ಯಾಟೆಕ್ಸಿಗೆ ಶತ್ರು, ಅದಕ್ಕೇ ದಿನವೂ ಮುಗಿದ ಮೇಲೆ ಡಬ್ಬಿಯೊಳಗೆ ಕತ್ತಲಲ್ಲಿ ಇಡುತ್ತಿದ್ದೆ.

ಎರಡೂ ಪಟ್ಟಿ ಬಿಚ್ಚಿದ್ದೇನೆ, ಒಂದನ್ನೇ ಬದಲಿಸಿದರೆ ಎಳೆತ ಸಮ ಬರುವುದಿಲ್ಲ. ಹೊಸದನ್ನು 16 ಸೆಂ.ಮೀ.ಗೆ ಇಳಿಸೋಣ ಅನ್ನಿಸಿತ್ತು. ಬೇಡ, 13 ಇದ್ದದ್ದು 20 ಆಗಲಿ. ಹಾಳೆ ಮೇಜಿನ ಮೇಲಿದೆ, ಅದೇ 18, ಅದೇ 12, ಅದೇ 20.