ಸಬ್‌ವೇ ಗೋಡೆಯ ಮೇಲೆ ಬಸುರಿನ ಮಾತು

ನ್ಯೂಯಾರ್ಕಿನ ಸಬ್‌ವೇ, ಅಂದರೆ ನೆಲದಡಿಯ ರೈಲು, ಹತ್ತಿದರೆ ಜಾಹೀರಾತಿನಿಂದ ಕಣ್ಣು ತಪ್ಪಿಸಿಕೊಳ್ಳಲು ಆಗುವುದಿಲ್ಲ. ವಕೀಲರು, ಕಾಲೇಜುಗಳ ನಡುವೆ, ಬೇಡದ ಬಸುರು ತಪ್ಪಿಸಿ ಎನ್ನುವ ಸರ್ಕಾರಿ ಪೋಸ್ಟರುಗಳೂ ಇಲ್ಲಿ ಬಂದುಹೋಗಿವೆ. ಎಷ್ಟೋ ಮನೆಗಳಲ್ಲಿ ಎತ್ತಲು ಹಿಂಜರಿಯುವ ಮಾತು ಇದು, ಅಲ್ವಾ?

2013ರಲ್ಲಿ, ಬ್ಲೂಮ್‌ಬರ್ಗ್ ಮೇಯರ್ ಆಗಿದ್ದಾಗ, ಹದಿಹರೆಯದವರಿಗಾಗಿ ಹಾಕಿದ ಪೋಸ್ಟರುಗಳಲ್ಲಿ ಪುಟ್ಟ ಮಕ್ಕಳ ಮುಖ ಇತ್ತು. ಒಂದು ಮಗುವಿನ ಕೆನ್ನೆ ಮೇಲೆ ಕಣ್ಣೀರು. ನೀನು ಹದಿಹರೆಯದಲ್ಲೇ ನನ್ನನ್ನು ಹೆತ್ತೆ, ಅದಕ್ಕೇ ನಾನು ಹೈಸ್ಕೂಲು ಮುಗಿಸದೆ ಉಳಿಯುವ ಸಾಧ್ಯತೆ ಎರಡು ಪಟ್ಟು ಎಂದು ಆ ಮಗು ಹೇಳುತ್ತಿತ್ತು. ಇನ್ನೊಂದು ಮಗು, ಅವನು ನಿನ್ನ ಜೊತೆ ಉಳಿಯುವುದು ಅನುಮಾನ, ಆಮೇಲೆ ನನ್ನ ಗತಿಯೇನು ಎಂದು ಅಮ್ಮನನ್ನು ಕೇಳುತ್ತಿತ್ತು.

ಕಣ್ಣೀರಿನ ಜೊತೆಗೆ ಲೆಕ್ಕವೂ ಇತ್ತು. ಹೈಸ್ಕೂಲು ಮುಗಿಸಿ, ಕೆಲಸಕ್ಕೆ ಸೇರಿ, ಮದುವೆಯಾಗಿ, ಆಮೇಲೆ ಮಕ್ಕಳಾದರೆ ಬಡತನ ತಪ್ಪುವ ಸಾಧ್ಯತೆ ಶೇ. 98 ಎಂದು ಬರೆದಿತ್ತು. ಓದಿದರೆ ಗಣಿತದಷ್ಟು ಖಚಿತ ಅನ್ನಿಸುತ್ತದೆ. ಆದರೆ ಚಿಕ್ಕ ವಯಸ್ಸಿನಲ್ಲಿ ತಾಯಿಯಾಗುವ ಎಷ್ಟೋ ಹುಡುಗಿಯರು ಅದಕ್ಕೆ ಮೊದಲೇ ಬಡವರು. ಬಡತನ ಎಲ್ಲಿಂದ ಶುರುವಾಯಿತು ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ತಪ್ಪನ್ನು ಮಾತ್ರ ಹುಡುಗಿಯ ತಲೆಗೆ ಕಟ್ಟುತ್ತದೆ.

ಆಗಲೇ ಮಗು ಎತ್ತಿಕೊಂಡಿದ್ದ ಹದಿನೇಳರ ಹುಡುಗಿಯೂ ಅದೇ ರೈಲಿನಲ್ಲಿ ಓಡಾಡುತ್ತಿದ್ದಳು. ಅವಳಿಗೆ ಆ ಪೋಸ್ಟರ್ ಕೊಟ್ಟದ್ದು ಬರೀ ಅವಮಾನ. ಕುಟುಂಬ ಯೋಜನೆಯ ಸೇವೆ ಕೊಡುವ ಅಲ್ಲಿನ ಪ್ಲ್ಯಾನ್ಡ್ ಪೇರೆಂಟ್‌ಹುಡ್ ಸಂಸ್ಥೆ ಇದನ್ನು ಖಂಡಿಸಿತು. ನನಗೂ ಆ ಮಾತೇ ಸರಿ ಅನ್ನಿಸುತ್ತದೆ.

ಆ ಸಾಲಿನಲ್ಲಿ ನನಗೆ ಒಪ್ಪಿಗೆಯಾದದ್ದು ಒಂದೇ. ಅಪ್ಪಾ, ಮುಂದಿನ 20 ವರ್ಷ ನನ್ನ ಖರ್ಚು ನೀನು ಕೊಡಬೇಕು ಎಂದು ಮಗು ಹೇಳುವ ಪೋಸ್ಟರ್. ಇದು ಸುಮ್ನೆ ಹೆದರಿಸುವ ಮಾತಲ್ಲ. ನ್ಯೂಯಾರ್ಕ್ ರಾಜ್ಯದ ಕಾನೂನಿನಲ್ಲಿ ಮಗುವಿಗೆ 21 ತುಂಬುವವರೆಗೆ ಹೆತ್ತವರ ಹೊಣೆ ಇದೆ. ಹುಡುಗರಿಗೂ ಪಾಲಿದೆ ಎಂದು ಅಲ್ಲಾದರೂ ಹೇಳಿದರಲ್ಲ.

2015ರ ಕೊನೆಗೆ ನಗರದ ಆರೋಗ್ಯ ಇಲಾಖೆ ಬೇರೆ ದಾರಿ ಹಿಡಿಯಿತು. ರಾತ್ರಿ ಉಳಿದದ್ದು ಬ್ರೂಕ್ಲಿನ್‌ನಲ್ಲಿ, ಗರ್ಭನಿರೋಧಕ ಮಾತ್ರೆ ಬಿಟ್ಟುಬಂದದ್ದು ನಗರದ ಇನ್ನೊಂದು ಭಾಗವಾದ ಸ್ಟ್ಯಾಟನ್ ಐಲೆಂಡ್‌ನಲ್ಲಿ, ಹಾಗಾದರೆ ಐಯುಡಿ ಹಾಕಿಸಿಕೊಳ್ಳಬಹುದೇನೋ, ಅನ್ನುವ ಧಾಟಿ ಅದರದ್ದು. ಐಯುಡಿ ಅಂದರೆ ಗರ್ಭಕೋಶದೊಳಗೆ ಹಾಕುವ, ಕಾಪರ್-ಟಿಯಂಥ ವಂಕಿ. ಇಲ್ಲಿ ಬೈಗುಳ ಇಲ್ಲ, ಗದರಿಕೆ ಇಲ್ಲ. ಮರೆವು ಯಾರಿಗಾದರೂ ಬರುತ್ತದೆ ಎಂಬ ಸಲುಗೆ ಇದೆ. ಲೆಕ್ಕ ಅದರೊಳಗೇ ಅಡಗಿದೆ: ಮಾತ್ರೆ ನಂಬಿದ 100 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 7 ಮಂದಿ ಬಸುರಾಗುತ್ತಾರೆ. ವಂಕಿ ಹಾಕಿಸಿಕೊಂಡವರಲ್ಲಿ ಒಬ್ಬರಿಗಿಂತ ಕಡಿಮೆ. ದಿನಾ ನೆನಪಿಡುವ ಕೆಲಸವೇ ಇಲ್ಲವಲ್ಲ.

ಹೆದರಿದ ಹುಡುಗಿಗೆ ಮುಂದೆ ಎಲ್ಲಿಗೆ ಹೋಗಬೇಕು ಎಂಬುದು ಜಾಸ್ತಿ ಮುಖ್ಯ. ಈ ರಾಜ್ಯದಲ್ಲಿ 18 ತುಂಬದವರೂ ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಗರ್ಭನಿರೋಧಕ ಪಡೆಯಬಹುದು. ನಗರ 2007ರಿಂದ ತನ್ನದೇ ಹೆಸರಿನ ಕಾಂಡೋಮ್ ಪುಕ್ಕಟೆ ಹಂಚುತ್ತಾ ಬಂದಿದೆ. ಇವೆರಡನ್ನೂ ಆ ಅಳುವ ಮಗುವಿನ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ ಆ ಪೋಸ್ಟರಿನ ಬಗ್ಗೆ ನನ್ನ ಸಿಟ್ಟು ಅರ್ಧ ಇಳಿಯುತ್ತಿತ್ತು.